ಯಂತ್ರ ಓದದ ಸಾಲು

ಹುಕ್ಕೇರಿಯ ಆ ಸಭೆಯಲ್ಲಿ ನಾನು ಹೇಳಬೇಕಾಗಿದ್ದದ್ದು ಇಷ್ಟೇ: "ಸಾಹೇಬ್ರ, ಆ ಫೈಲ್ ತಗೀರಿ, ಮೇಲಿನ ಸಾಲು ಓದ್ರಿ." ಏಳು ಶಬ್ದ. ಏಳನೇ ಇಯತ್ತೆಯವರೆಗೆ ಶಾಲೆಗೆ ಹೋದವನಿಗೆ ಏಳು ಶಬ್ದ ಹೇಳುವುದು ಭಾರವಲ್ಲ. ನಾನು ಹೇಳಲಿಲ್ಲ. ಅದರ ಬದಲು ಒಂದೇ ಶಬ್ದ ಹೇಳಿದೆ. ಆ ಒಂದು ಶಬ್ದದಿಂದ, ನನ್ನ ಅಕ್ಕ ಎರಡು ವರ್ಷ ಕೂತು ಮಾಡಿದ ಚಂದ್ರ ಇನ್ನೊಬ್ಬನ ಕಿಸೆಗೆ ಹೋಯಿತು.

ಅಕ್ಕನ ಹೆಸರು ಚಂಪಾವತಿ. ಅವ್ವನಿಗೆ ಚಂಪಿ, ನನಗೆ ಚಂಪಕ್ಕ. ಅವಳನ್ನು ನೆನೆದರೆ ಮೊದಲು ಕೇಳಿಸುವುದು ಅವಳ ಎಣಿಕೆ. ಮನೆಯಲ್ಲಿ ಯಾರ ಕೈಯಿಂದ ಏನು ಬಿದ್ದರೂ, ಚಮಚವಿರಲಿ ಸವತೆಕಾಯಿಯಿರಲಿ, ಅದು ಬಿದ್ದ ಮೇಲೆ ಅವಳು ಎಣಿಸತೊಡಗುತ್ತಿದ್ದಳು. ಒಂದು, ಎರಡು, ಮೂರು. ಹನ್ನೆರಡಕ್ಕೆ ಬಂದು ನಿಂತು, "ಹಾಂ, ಅಲ್ಲಿ ಈಗ ಬಿತ್ತು" ಎನ್ನುವಳು. ಒಮ್ಮೆ ಅವ್ವನ ಕೈಯಿಂದ ಸಾರಿನ ಬೋಗುಣಿಯೇ ಜಾರಿತು. ಅಕ್ಕ ನಿಂತಲ್ಲೇ ಎಣಿಸತೊಡಗಿದಳು.

"ಏ ಹುಚ್ಚಿ, ಅರಿವಿ ತಾ ಒರಸಾಕ! ನಿಂತ ಎಣಸಾಕತ್ತಾಳ ನೋಡ."

"ತಡಿ ಯವ್ವಾ, ಅಲ್ಲಿ ಇನ್ನಾ ಅರ್ಧಾ ದಾರ್ಯಾಗ ಐತಿ. ಕೈ ಚಾಚಿದ್ರ ಸಾರು ಉಳೀತಿತ್ತು."

'ಅಲ್ಲಿ' ಎಂದರೆ ಗುರು ಗ್ರಹದ ಪಕ್ಕದ ಒಂದು ಸಣ್ಣ ಚಂದ್ರ. ಅಮಾಲ್ಥಿಯಾ ಅಂತ ಅದರ ಹೆಸರು. ಅಲ್ಲಿ ನೆಲದ ಎಳೆತ ಎಷ್ಟು ಕಡಿಮೆಯೆಂದರೆ, ನಿಂತವರ ಕೈಯಿಂದ ಬಿಟ್ಟದ್ದು ನೆಲ ಮುಟ್ಟಬೇಕಾದರೆ ಹನ್ನೆರಡು ಎಣಿಸಬೇಕು. ನನ್ನ ಬಾಯಲ್ಲಿ ಆ ಹೆಸರು ಹೊರಳುತ್ತಿರಲಿಲ್ಲ. ನಾನು 'ಅಮಲತಾಯಿ' ಅಂದೆ. ಅವ್ವ ಅದನ್ನು ಕೇಳಿ, "ಯಾವ ತಾಯಿ ಅದು? ಯಾವ ಊರಾಗ ಗುಡಿ ಐತಿ?" ಎಂದು ಕೈ ಮುಗಿದಳು. ಅಕ್ಕ ನಕ್ಕು ನಕ್ಕು ಗೋಡೆಗೆ ಒರಗಿದಳು. ಆಮೇಲೆ ನಮ್ಮ ಮನೆಯಲ್ಲಿ ಅದು ಅಮಲತಾಯಿಯೇ ಆಯಿತು.

ಆಗ ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಭರಮಪ್ಪ, ಗೋಕಾಕದಲ್ಲಿ ಟೆಂಪೋ ನಡೆಸುತ್ತಿದ್ದೆ. ಮೂಡಲಗಿಯಿಂದ ಬೆಲ್ಲ, ಮಮದಾಪುರದಿಂದ ಕಾಯಿಪಲ್ಲೆ, ಹುಕ್ಕೇರಿಗೆ ಏನು ಸಿಕ್ಕರೆ ಅದು. ಇಂಗ್ಲಿಷ್ ಎಂದರೆ ನನಗೆ ನಂಬರ್ ಪ್ಲೇಟಿನ ಅಕ್ಷರ, ಅದರಾಚೆ ಇಲ್ಲ. ಅಕ್ಕ ಪಿಯುಸಿ ಸೈನ್ಸ್ ಪಾಸಾದವಳು. ಗೋಕಾಕದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುತ್ತಿದ್ದಳು. ಆ ಕ್ಲಾಸಿನ ಮಾಲಕ ನಮ್ಮ ಸಮಾಜದವನೇ. ಇದ್ದದ್ದು ಒಂದು ಮಾಳಿಗೆ, ಆರು ಕಂಪ್ಯೂಟರು. ಆದರೂ ಎಲ್ಲರೂ ತನ್ನನ್ನು 'ಡೈರೆಕ್ಟರ್ ಸಾಹೇಬ್ರು' ಅನ್ನಬೇಕು. ಚಹಾ ತರುವವನೂ ಹಾಗೇ ಕರೆಯಬೇಕು. ಇಲ್ಲಿ ನಾನು ಅವನಿಗೆ 'ರಿ' ಹಚ್ಚುವುದಿಲ್ಲ. ಹಚ್ಚಿದ್ದು ಸಾಕಾಗಿದೆ.

ಕಂಪ್ಯೂಟರ್ ಮ್ಯಾಗಝಿನ್ ಒಂದರ ಜೊತೆ ಬಂದ ಸಿಡಿಯಲ್ಲಿ ಅಕ್ಕನಿಗೆ ಒಂದು ಸಿಮ್ಯುಲೇಟರ್ ಸಿಕ್ಕಿತು. ಕಂಪ್ಯೂಟರಿನೊಳಗೆ ಆಕಾಶನೌಕೆ ನಡೆಸುವುದು. ನಾನು ಆಟ ಅಂದರೆ ಅವಳಿಗೆ ಸಿಟ್ಟು. "ಆಟ ಅನಬ್ಯಾಡ ಭರಮ್ಯಾ. ಇದರಾಗ ತಪ್ಪ ಮಾಡಿದ್ರ ಖರೇನ ತಪ್ಪತೈತಿ." ಗುರು ಗ್ರಹದ ಸುತ್ತ ಅದರಲ್ಲಿ ನಾಲ್ಕು ದೊಡ್ಡ ಚಂದ್ರಗಳಿದ್ದವು. ಒಳಗಿನ ಸಣ್ಣ ಚಂದ್ರ ಇರಲಿಲ್ಲ. ಅವತ್ತು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅವಳು ಬೈದದ್ದು ನನಗೆ ಇನ್ನೂ ನೆನಪಿದೆ.

"ದೊಡ್ಡವ ನಾಕೂ ಅದಾವ. ಬಾಜೂ ನಿಂತ ಸಣ್ಣಾಕಿನ್ನ ಬಿಟ್ಟ ಬಿಟ್ಟಾರ! ಗುರುನ್ನ ಕೂಸಿದ್ದಾಗ ಹಾಲ ಕುಡಿಸಿದ ಆಡಿನ ಹೆಸರಂತ ಅದು, ಅವರ ಕಥಿಯೊಳಗ. ಹಾಲ ಕುಡಿಸಿದಾಕಿ ಸಣ್ಣಾಕಿ, ಕುಡದಾವ ದೊಡ್ಡಾವ. ಹೆಸರು ಮಾತ್ರ ಯಾರದ?"

"ಮತ್ತ ನೀ ಏನ ಮಾಡಾಕಿ?" ಅಂದೆ.

"ನಾನ ಮಾಡತೇನಿ ಅಕಿನ್ನ."

ಮಾಡಿದಳು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕ್ಲಾಸು ಖಾಲಿ ಇರುತ್ತಿತ್ತು. ಕರೆಂಟ್ ಇದ್ದ ದಿನ ಅವಳಿಗೆ ಅದೇ ಹೊತ್ತು. ಆ ಚಂದ್ರ ದುಂಡಗಿಲ್ಲ. ಉಬ್ಬು ತಗ್ಗು, ಕೆಂಪು ಬಣ್ಣ. ಬಾಹ್ಯಾಕಾಶದಿಂದ ಬಂದ ಮಸುಕು ಫೋಟೋ ನಾಲ್ಕೈದು ಇಂಟರ್ನೆಟ್ಟಿನಿಂದ ಇಳಿಸಿಕೊಂಡಿದ್ದಳು. ಅವನ್ನು ನನಗೆ ತೋರಿಸಿದಾಗ, "ಇದ ನಮ್ಮ ಕರದಂಟ ಅಲ್ಲೇನಬೇ?" ಅಂದೆ. ನಗಿಸಲು ಅಂದದ್ದು. ಅವಳು ಸಂಜೆಯೇ ಅಂಗಡಿಯಿಂದ ಮುಷ್ಟಿಯಷ್ಟು ದೊಡ್ಡ ಕರದಂಟಿನ ಉಂಡೆ ತಂದಳು. ಅದನ್ನು ಫೋಟೋದ ಆಕಾರಕ್ಕೆ ಬರುವಂತೆ ಚಾಕುವಿನಿಂದ ಕೆತ್ತಿ, ಮೈತುಂಬ ದಾರ ಸುತ್ತಿ, ಗಂಟು ಗಂಟಿನಲ್ಲಿ ಅಳತೆ ತೆಗೆದು ವಹಿಯಲ್ಲಿ ಬರೆದುಕೊಂಡಳು. ಗೋಡಂಬಿ ಇದ್ದಲ್ಲಿ ಗುಡ್ಡ, ಬೆರಳು ಒತ್ತಿದಲ್ಲಿ ಕುಣಿ. ಇರುವೆ ಮುತ್ತಿದಾಗ ಅವ್ವ ಎಸೆಯಲು ಹೋದರೆ, "ಯವ್ವಾ, ಉತ್ತರ ಧ್ರುವ ಮುಟ್ಟಬ್ಯಾಡ!" ಎಂದು ಕೂಗಿದಳು. "ಉದ್ದ ಎಷ್ಟ ಐತಿ ಗೊತ್ತೇನ ಅಮಲತಾಯಿ? ಇನ್ನೂರಾ ಐವತ್ತ ಕಿಲೋಮೀಟರ. ನೀ ಟೆಂಪೋ ತುಗೊಂಡ ಹುಬ್ಬಳ್ಳಿಗೆ ಹೋಗಿ ಬಂದಷ್ಟ. ಒಂದ ದಿನದ ಬಾಡಿಗಿ!"

ಜನ ಅವಳನ್ನು ಏನೇನು ಅಂದರು! "ನಿಮ್ಮ ಚಂಪಿ ಚಂದ್ರನ್ನ ಮಾಡತಾಳಂತಲಾ, ಚಪಾತಿ ದುಂಡಗ ಮಾಡತಾಳೇನ ಕೇಳ್ರಿ," ಅಂದವರು ನಮ್ಮ ಓಣಿಯವರೇ. ಗಂಡುಮಗ ದಿನವೆಲ್ಲ ಕಂಪ್ಯೂಟರಿನಲ್ಲಿ ಕಾರು ಓಡಿಸಿದರೆ ಹುಷಾರು ಹುಡುಗ, ಹೆಣ್ಣುಮಗಳು ಲೆಕ್ಕ ಹಾಕಿ ನೌಕೆ ಓಡಿಸಿದರೆ ಹುಚ್ಚಿ. ನನಗೆ ಸಿಟ್ಟು ಬರುತ್ತಿತ್ತು. ಆದರೆ ನನ್ನ ಸಿಟ್ಟು ಟೆಂಪೋದ ಬಾಗಿಲು ಹಾಕುವಾಗಷ್ಟೇ ಸಪ್ಪಳ ಮಾಡುತ್ತಿತ್ತು.

ಚಂದ್ರನನ್ನು ಮಾಡಿದ್ದಾಯಿತು, ಅದರ ಮೇಲೆ ನೌಕೆ ಇಳಿಯಲೊಲ್ಲದು. ಎಷ್ಟು ಸಲ ಇಳಿಸಿದರೂ ಪುಟಿದು ಹೋಗುತ್ತಿತ್ತು, ಇಲ್ಲವೆ ಗುರುವಿನ ಕಡೆ ಬೀಳುತ್ತಿತ್ತು. ತಿಂಗಳುಗಟ್ಟಲೆ ಅವಳ ಮುಖ ಸಪ್ಪಗಿತ್ತು. ಒಂದು ದಿನ ಘೋಡಗೇರಿಯ ಸಂಬಂಧಿಕರ ಮನೆಗೆ ಅವಳನ್ನು ಟೆಂಪೋದಲ್ಲೇ ಕರೆದುಕೊಂಡು ಹೊರಟಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ಅದರ ಡ್ರೈವರ್ ನನ್ನ ಗುರುತಿನವನು. "ಎಲಿ ಅಡಕಿ ಐತೇನೋ?" ಎಂದು ಕೂಗಿದ. ನಿಲ್ಲಿಸುವುದು ಯಾಕೆ ಎಂದು ನಾನು ಟೆಂಪೋವನ್ನು ಅವನ ಬಾಜೂ ತಂದು, ಅವನ ವೇಗಕ್ಕೆ ನನ್ನ ವೇಗ ಕೂಡಿಸಿ, ಕಿಟಕಿಯಿಂದ ಎಲೆ-ಅಡಕೆಯ ಚಂಚಿ ಚಾಚಿದೆ. ಅವನು ತೆಗೆದುಕೊಂಡು, ಎಲೆಗೆ ಸುಣ್ಣ ಹಚ್ಚಿ, ಮಡಚಿ, ಚಂಚಿ ಹೊಳ್ಳಿ ಕೊಟ್ಟ. ಎರಡೂ ಗಾಡಿ ಓಡುತ್ತಲೇ ಇದ್ದವು.

"ಅಂಜಿಕಿ ಬರಂಗಿಲ್ಲೇನ ನಿನಗ?" ಅಕ್ಕ ಕೇಳಿದಳು.

"ಅಂಜೂದ ಏನೈತಿ? ಜೋಡಿ ಓಡಿದ್ರ ಎರಡೂ ನಿಂತಂಗ."

ಅವಳು ನನ್ನ ತೋಳು ಹಿಡಿದ ರಭಸಕ್ಕೆ ಗಾಡಿ ಗಟಾರಿಗೆ ಇಳಿಯುವುದರಲ್ಲಿತ್ತು. "ಏನಂದಿ? ಇನ್ನೊಮ್ಮೆ ಅನ್ನು!" ಇನ್ನೊಮ್ಮೆ ಅಂದೆ. "ಅಯ್ಯ ನನ್ನ ತಮ್ಮಾ! ನಾ ಅಲ್ಲಿ ಇಳ್ಯಾಕ ಹೊಂಟಿದ್ನಿ. ಅಲ್ಲಿ ಇಳೀಬಾರದು. ಬಾಜೂ ನಿಂದರಬೇಕು!" ಘೋಡಗೇರಿಯಲ್ಲಿ ಅವಳು ಊಟಕ್ಕೂ ಸರಿಯಾಗಿ ಕೂಡಲಿಲ್ಲ. ಮರುದಿನ ಮಧ್ಯಾಹ್ನ ನೌಕೆ ಅಮಲತಾಯಿಯ ಬಾಜೂ ಓಡಿತು, ವೇಗದ ಅಂಕಿ ಸೊನ್ನೆಗೆ ಬಂತು, ನೌಕೆ ಮೆಲ್ಲಗೆ ನೆಲಕ್ಕೆ ತಾಗಿ ನಿಂತಿತು. ಅದರ ಆಕಾಶದಲ್ಲಿ ಗುರು ಗ್ರಹ ಎಷ್ಟು ದೊಡ್ಡದಿತ್ತೆಂದರೆ ಅರ್ಧ ಪರದೆ ಅದೇ ಆಗಿತ್ತು.

ಅವತ್ತು ಅವಳು ನನ್ನನ್ನು ಕೂಡಿಸಿಕೊಂಡು ಚಂದ್ರನ ಫೈಲು ತೆಗೆದು ತೋರಿಸಿದಳು. ಮೇಲೆ ಎರಡು ಸಾಲು, ಕೆಳಗೆ ಸಣ್ಣ ಅಕ್ಷರ, ರಾಶಿ ಅಂಕಿ. ಎರಡು ಸಾಲಿನ ಮುಂದೆಯೂ ಮೇಲೊಂದು ಚುಕ್ಕಿ, ಕೆಳಗೊಂದು ಬಾಲವಿದ್ದ ಗುರುತು.

"ಈ ಚುಕ್ಕಿ-ಬಾಲ ಇದ್ದ ಸಾಲನ್ನ ಯಂತ್ರ ಓದಂಗಿಲ್ಲ, ದಾಟಿ ಹೋಗತೈತಿ. ಇದು ಮನಷ್ಯಾರಿಗೆ ಬರದದ್ದು. ಮೊದಲನೇದ ಕೇಳು: ಈ ಸಣ್ಣಾಕಿನ್ನ ಮಾಡಿದಾಕಿ ಚಂಪಾವತಿ, ಗೋಕಾಕ."

"ಎರಡನೇದು?"

"ಅದನ್ನ ನೀನ ಓದು. ನಿನಗ ಬರತೈತಿ."

ಇಂಗ್ಲಿಷ್ ಅಕ್ಷರ ಎಂದು ನಾನು ಕಣ್ಣೆತ್ತಿಯೂ ನೋಡಲಿಲ್ಲ. "ಬಾಡಿಗಿ ಐತಿ" ಎಂದು ಎದ್ದು ಬಂದೆ.

ಮುಂದಿನ ವರ್ಷ ಹುಕ್ಕೇರಿಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಡೈರೆಕ್ಟರ್ ತನ್ನ ಕ್ಲಾಸಿನ ಹೆಸರಿನಲ್ಲಿ ಅಕ್ಕನ ಚಂದ್ರನನ್ನು ಒಯ್ದ. ಕಂಪ್ಯೂಟರ್ ಹೊತ್ತದ್ದು ನನ್ನ ಟೆಂಪೋ. ಅಕ್ಕನಿಗೆ ಅವನು ಒಪ್ಪಿಸಿದ ಕೆಲಸ ಏನು ಗೊತ್ತೇ? ಬಾಗಿಲಲ್ಲಿ ನಿಂತು ಬಂದವರಿಗೆ ಗುಲಾಬದಾನಿಯಿಂದ ಪನ್ನೀರು ಚಿಮುಕಿಸುವುದು! ಚಂದ್ರ ಅವಳದು, ಪರದೆಯ ಮುಂದಿನ ಕುರ್ಚಿ ಅವನದು.

ಮುಖ್ಯ ಅತಿಥಿ ಒಬ್ಬ ನಿವೃತ್ತ ಪ್ರೊಫೆಸರ್. ಅವರು ಬಂದು ನಿಂತಾಗ ಡೈರೆಕ್ಟರ್ ನೌಕೆ ಇಳಿಸಲು ಹೋದ. ನಮ್ಮ ಭೂಮಿಯ ದೊಡ್ಡ ಚಂದ್ರನ ಮೇಲೆ ಇಳಿಸಿದ ಹಾಗೆ ಕೆಳಗಿನ ಇಂಜಿನು ಹಚ್ಚಿದ. ನೌಕೆ ಚಿಮ್ಮಿ ಪರದೆಯಿಂದಲೇ ಹೋಯಿತು. ಜನ ನಕ್ಕರು. "ಸಾಫ್ಟವೇರ್ ಪ್ರಾಬ್ಲಮ್ ರೀ," ಅಂದ. ಮತ್ತೆ ಹಚ್ಚಿದ, ಮತ್ತೆ ಹೋಯಿತು. ಬಾಗಿಲಲ್ಲಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ಇಳೀಬ್ಯಾಡ್ರಿ ಸರ್! ಬಾಜೂ ನಿಂದರ್ರಿ!" ಎನ್ನುತ್ತ ಬಂದಳು. ಗುಲಾಬದಾನಿಯನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಕೀಬೋರ್ಡಿನ ಬಲಗಡೆಯ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಓಡಿಹೋದ ನೌಕೆ ಹೊಳ್ಳಿ ಬಂತು, ಅಮಲತಾಯಿಯ ಜೋಡಿ ಓಡಿತು, ವೇಗ ಸೊನ್ನೆಯಾಯಿತು, ನಿಂತಿತು. ಇಡೀ ಸಭೆ ಚಪ್ಪಾಳೆ ಹೊಡೆಯಿತು.

ಪ್ರೊಫೆಸರ್ ಕನ್ನಡಕ ಏರಿಸಿ ಕೇಳಿದರು, "ಭಾಳ ಛಲೋ ಐತಿ. ಇದನ್ನ ಮಾಡಿದವರು ಯಾರು?"

"ನಾನ ರೀ," ಅಂದ ಡೈರೆಕ್ಟರ್. ಅವನ ದನಿ ಒಂದಿಷ್ಟೂ ನಡುಗಲಿಲ್ಲ. "ಎರಡ ವರ್ಷದ ಕೆಲಸ. ಈಕಿಗೂ ನಾನ ಕಲಿಸೇನಿ."

"ಸರ್, ಆ ಫೈಲ್‌ದಾಗ..." ಎಂದು ಅಕ್ಕ ಬಾಯಿ ತೆರೆದಳು.

ಅವನು ಅವಳ ಮಾತು ತುಂಡರಿಸಿ ನನ್ನ ಕಡೆ ತಿರುಗಿದ. "ಈಕಿ ತಮ್ಮ ಇಲ್ಲೇ ಅದಾನ. ಅವನ್ನ ಕೇಳ್ರಿ. ಭರಮಪ್ಪಾ, ಇದನ್ನ ಮಾಡಿದಾವ ನಾನ ಹೌದಲ್ಲೋ?"

ಎಲ್ಲರೂ ನನ್ನನ್ನು ನೋಡಿದರು. ಏಳು ಶಬ್ದ ನನ್ನ ನಾಲಗೆಯ ತುದಿಗೇ ಇತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು: 'ನೀನ ಓದಿ ತೋರಸು' ಅಂದರೆ? ಅಷ್ಟು ಕಲಿತವರ ನಡುವೆ, ಅಂಗಿಗೆ ಗ್ರೀಸ್ ಹತ್ತಿದ ನಾನು ನಿಂತು ತಡವರಿಸಿದರೆ? ಅಕ್ಕನನ್ನು ಬಿಟ್ಟುಕೊಡಲು ಆ ನಾಚಿಕೆಯೇ ಸಾಕಾಯಿತು.

"ಹೌದ್ರಿ," ಅಂದೆ.

ಬೆನ್ನಿಗೆ ಬಿದ್ದ ತಮ್ಮನೇ ಹೌದು ಅಂದ ಮೇಲೆ ಅವಳು ಏನು ಹೇಳಿದರೂ ಸುಳ್ಳೇ. ಅಕ್ಕ ನನ್ನನ್ನು ಒಮ್ಮೆ ನೋಡಿ, ಗುಲಾಬದಾನಿ ಎತ್ತಿಕೊಂಡು ಬಾಗಿಲಿಗೆ ಹೋಗಿ ನಿಂತಳು. ಆಮೇಲೆ ಬಂದವರಿಗೂ ಪನ್ನೀರು ಚಿಮುಕಿಸಿದಳು.

ಡೈರೆಕ್ಟರನಿಗೆ ಶಾಲು ಹೊದಿಸಿದರು. ಅವನನ್ನು ಅಲ್ಲಿ ಇಲ್ಲಿ ಭಾಷಣಕ್ಕೆ ಕರೆದರು. ಆ ಚಂದ್ರನ ಹೆಸರನ್ನು ಅವನೂ ಸರಿಯಾಗಿ ಅನ್ನಲು ಕಲಿಯಲಿಲ್ಲ, ಆದರೆ ಅವನು ತಪ್ಪಾಗಿ ಅಂದರೆ ಯಾರೂ ನಗಲಿಲ್ಲ. ವಾರದೊಳಗೆ ಫೈಲಿನ ಮೇಲಿನ ಎರಡು ಸಾಲು ಅಳಿಸಿ ಹಾಕಿದ್ದ. ಅಕ್ಕ ಅದನ್ನು ಮನೆಗೆ ಬಂದು ಹೇಳಿದ್ದು ಒಂದೇ ಮಾತಿನಲ್ಲಿ: "ಅಳಿಸಿದ್ರೂ ಯಂತ್ರಕ್ಕ ಏನೂ ಆಗಲಿಲ್ಲ ನೋಡು. ಹಂಗ ನಡದೈತಿ." ಅವತ್ತೇ ಕೆಲಸ ಬಿಟ್ಟಳು.

ಮರುವರ್ಷ ಅವಳ ಮದುವೆಯಾಯಿತು. ಯಮಕನಮರಡಿಯಲ್ಲಿ ವಹಿ-ಪೆನ್ನಿನ ಅಂಗಡಿ ಇಟ್ಟ ಸಜ್ಜನ ಮನುಷ್ಯ. ಹೋಗುವ ದಿನ ನನ್ನ ಕೈಗೆ ಒಂದು ಫ್ಲಾಪಿ ಕೊಟ್ಟಳು. "ಇದರಾಗ ಅಮಲತಾಯಿ ಅದಾಳ, ಅಳಿಸೂದಕಿಂತ ಮೊದಲಿನಾಕಿ. ಇಟಕೋ," ಅಂದಳು. ಬೇರೆ ಏನೂ ಅನ್ನಲಿಲ್ಲ. ನಾನು ಅದನ್ನು ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕಿದೆ.

ನಮ್ಮ ಜೈನರಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಳಿ ಬರುತ್ತದೆ. ಆ ದಿನ ಒಬ್ಬರಿಗೊಬ್ಬರು ಕೈ ಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಕ್ಷಮೆ ಕೇಳಬೇಕು. ಒಳ್ಳೆಯ ಪದ್ಧತಿ. ಅದನ್ನು ನಾನು ಹೊದಿಕೆ ಮಾಡಿಕೊಂಡೆ. ಪ್ರತಿ ವರ್ಷ ಯಮಕನಮರಡಿಗೆ ಹೋಗಿ, ಅಕ್ಕನ ಮುಂದೆ ನಿಂತು, "ತಿಳದ ತಿಳೀದ ಏನರ ತಪ್ಪ ಮಾಡಿದ್ರ ಕ್ಷಮಾ ಮಾಡಬೇ" ಎಂದು ಗಡಬಡಿಸಿ ಮುಗಿಸುತ್ತಿದ್ದೆ. ಎಲ್ಲ ತಪ್ಪನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಯಾವುದೂ ಹೊರಗೆ ಕಾಣುವುದಿಲ್ಲ.

ಅಕ್ಕನಿಗೆ ಕಾಣುತ್ತಿತ್ತು. ಪ್ರತಿ ವರ್ಷವೂ ನಗುತ್ತಲೇ ಕೇಳುವಳು, "ಯಾವ ತಪ್ಪು? ಅದರ ಹೆಸರ ಹೇಳು."

"ಎಲ್ಲಾ ಕೂಡೇ ಬೇ."

"ಹೆಸರಿಲ್ಲದ ತಪ್ಪಿಗೆ ಹೆಸರಿಲ್ಲದ ಕ್ಷಮಾ. ತುಗೊ, ಹೋಳಿಗಿ ತಿನ್ನು."

ಆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೆ ಎಣಿಕೆ ನಿಂತಿರಲಿಲ್ಲ. ಅಂಗಡಿಯಲ್ಲಿ ಪೆನ್ಸಿಲ್ ಬಿದ್ದರೂ ಹನ್ನೆರಡು ಎಣಿಸುತ್ತಿದ್ದಳು. ಗಿರಾಕಿಗಳೂ ಕಲಿತುಬಿಟ್ಟಿದ್ದರು, ಅವಳ ಜೊತೆ ತಾವೂ ಎಣಿಸುತ್ತಿದ್ದರು.

ಕೊನೆಯ ಸಲ ನೋಡಿದ್ದೂ ಕ್ಷಮಾವಳಿಯಂದೇ. ಮೂತ್ರಪಿಂಡದ ಬೇನೆ ಅವಳನ್ನು ಅರ್ಧ ಮಾಡಿತ್ತು. ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ನಾನು ಕೈ ಮುಗಿದೆ, ಅದೇ ಮಾತು ಅಂದೆ. ಅವಳಿಗೆ ಹೆಚ್ಚು ಮಾತಾಡಲು ಶಕ್ತಿ ಇರಲಿಲ್ಲ.

"ಹೆಸರು?" ಅಂದಳು.

ನಾನು ಕಿಟಕಿಯಾಚೆ ನಿಂತ ಟೆಂಪೋ ನೋಡಿದೆ. ಗಾಲಿಯ ಗಾಳಿ ಕಡಿಮೆಯಾಗಿದೆ ಎಂದೆ. ದೇವರಾಣೆ, ಅದನ್ನೇ ಎಂದೆ. ಅವಳ ಕೈಯಲ್ಲಿದ್ದ ಗುಳಿಗೆ ಜಾರಿ ನೆಲಕ್ಕೆ ಬಿತ್ತು. ತುಟಿ ಅಲುಗಿಸುತ್ತ ಎಣಿಸತೊಡಗಿದಳು. ಆರಕ್ಕೋ ಏಳಕ್ಕೋ ಉಸಿರು ಸಾಲದೆ ನಿಲ್ಲಿಸಿದಳು. ಮುಂದಿನದನ್ನು ನಾನಾದರೂ ಎಣಿಸಬಹುದಿತ್ತು. ಅದನ್ನೂ ಮಾಡಲಿಲ್ಲ. ದೀಪಾವಳಿಗೆ ಮೊದಲೇ ಅಕ್ಕ ಹೋದಳು.

ಅವಳು ಹೋಗಿ ವರ್ಷ ತುಂಬಿದ ಮೇಲೆ ಆ ಫ್ಲಾಪಿಯನ್ನು ಮೂಡಲಗಿಯ ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದೆ. ಗೋಕಾಕದಲ್ಲಿ ತೆಗೆಸಲು ಧೈರ್ಯ ಬರಲಿಲ್ಲ. ಅಂಗಡಿಯಲ್ಲಿದ್ದ ಹೆಣ್ಣುಮಗಳು, "ಇಂಥಾದ್ದ ಈಗ ಯಾರ ತರತಾರ್ರೀ?" ಎಂದು ಧೂಳು ಊದಿ ಹಾಕಿದಳು. ಕೆಲವು ಫೈಲು ಕೆಟ್ಟಿದ್ದವು. ಆ ಒಂದು ಫೈಲು ತೆರೆಯಿತು. ಮೇಲೆ ಎರಡು ಸಾಲು, ಚುಕ್ಕಿ-ಬಾಲ.

"ಭಾಷಾ ಕನ್ನಡ ಐತ್ರಿ, ಅಕ್ಷರ ಇಂಗ್ಲಿಷ್," ಅಂದಳು ಆಕೆ. "ಕೆಳಗ ಸಣ್ಣ ಅಕ್ಷರ ಅದಾವ. ಈ ಎರಡ ಸಾಲ ಮಾತ್ರ ಎಲ್ಲಾ ದೊಡ್ಡ ಅಕ್ಷರದಾಗ ಬರದಾರ. ಯಾಕೋ ಏನೋ. ನಂಬರ್ ಪ್ಲೇಟ್ ಆಗೇತಿ ನೋಡ್ರಿ."

ನಾನು ಕುರ್ಚಿ ಎಳೆದು ಪರದೆಯ ಮುಂದೆ ಕೂತೆ. ಯಾಕೆ ಎಂದು ನನಗೆ ಗೊತ್ತಾಯಿತು. ನನಗೆ ಬರುವ ಅಕ್ಷರದಲ್ಲೇ ಅವಳು ಬರೆದಿದ್ದಳು. 'ನಿನಗ ಬರತೈತಿ' ಅಂದದ್ದು ಅದಕ್ಕೇ. ಹುಕ್ಕೇರಿಯಲ್ಲಿ ಯಾರಾದರೂ 'ನೀನ ಓದು' ಅಂದಿದ್ದರೆ ನಾನು ಓದುತ್ತಿದ್ದೆ. ಆಕೆಗೆ ಸುಮ್ಮನಿರಲು ಹೇಳಿ, ಪರದೆಯ ಮೇಲೆ ಬೆರಳಿಟ್ಟು, ಮುಂದೆ ಹೋಗುವ ಲಾರಿಯ ನಂಬರ್ ಓದಿದ ಹಾಗೆ ಒಂದೊಂದೇ ಅಕ್ಷರ ಹಿಡಿದು ನಾನೇ ಎರಡನೇ ಸಾಲು ಓದಿದೆ. ಆಕೆ ಅದನ್ನು ಕಾಗದದ ಮೇಲೆ ಮುದ್ರಿಸಿ ಕೊಟ್ಟಳು.

ಮುಂದೆ ಬಂದ ಕ್ಷಮಾವಳಿಗೆ ನಾನು ಗೋಕಾಕದ ಬಸದಿಯಲ್ಲೇ ಉಳಿದೆ. ಸಮಾಜದವರೆಲ್ಲ ಕೂಡಿದ್ದರು. ಡೈರೆಕ್ಟರ್ ಮುಂದಿನ ಸಾಲಿನಲ್ಲಿದ್ದ. ಎದ್ದು ನಿಂತು, ಕೈ ಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಎಂದು ಇಂಪಾಗಿ ಹೇಳಿ ಕೂತ. ನನ್ನ ಮೈ ಉರಿಯಿತು. ಅವನಿಗಿಂತ ನಾನು ಏನು ಬೇರೆ? ಅದೇ ಹೊದಿಕೆ, ಅದರೊಳಗೆ ಇಬ್ಬರು. ನಾನೂ ಎದ್ದೆ. ಕಿಸೆಯಿಂದ ಕಾಗದ ತೆಗೆದೆ.

"ನಂದು ಒಂದ ತಪ್ಪೈತ್ರಿ, ಅದಕ್ಕ ಹೆಸರೈತಿ," ಅಂದೆ. "ಇದು ನಮ್ಮಕ್ಕ ಮಾಡಿದ ಚಂದ್ರನ ಫೈಲು. ಮೊದಲನೇ ಸಾಲು: ಈ ಸಣ್ಣಾಕಿನ್ನ ಮಾಡಿದಾಕಿ ಚಂಪಾವತಿ, ಗೋಕಾಕ."

ಡೈರೆಕ್ಟರ್ ಹೊರಳಿ ನೋಡಿದ. "ಭರಮಪ್ಪಾ, ಇದು ಬಸದಿ, ಇಲ್ಲಿ ಅದೆಲ್ಲಾ ಯಾಕ..." ಎಂದ. "ನಿಮ್ಮನ್ನ ಕೇಳಾಕತ್ತಿಲ್ಲ, ಕುಂದರ್ರಿ," ಅಂದೆ. ಬೆರಳನ್ನು ಎರಡನೇ ಸಾಲಿನ ಮೇಲಿಟ್ಟೆ. ತಡವರಿಸಿ ತಡವರಿಸಿ ಮುಂದಿನದನ್ನು ಓದಿದೆ. ಯಾರೂ ನಗಲಿಲ್ಲ.

"ಎರಡನೇ ಸಾಲು: ಜೋಡಿ ಓಡಿದ್ರ ಎರಡೂ ನಿಂತಂಗ, ಅಂತ ನನಗ ಕಲಿಸಿದಾವ ನನ್ನ ತಮ್ಮ ಭರಮು."

ಆಮೇಲೆ ಕಾಗದ ಮಡಚಿದೆ. ಅಕ್ಕ ಹೊರಸಿನ ಮೇಲೆ ಕೂತು ಕೇಳಿದ್ದಕ್ಕೆ ಉತ್ತರ ಕೊಡುವವನಂತೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಚಂಪಕ್ಕಾ, ಹುಕ್ಕೇರಿಯೊಳಗ ನಾ ಹೌದ್ರಿ ಅಂದದ್ದು ಸುಳ್ಳು. ನನಗ ಗೊತ್ತಿತ್ತು. ಗೊತ್ತಿದ್ದ ಅಂದೇನಿ. ನೀ ನನ್ನ ಬಾಜೂ ನಿಂತಿದ್ದಿ, ನಾ ನಿನ್ನ ಬಾಜೂ ನಿಂದರಲಿಲ್ಲ. ಅದರ ಹೆಸರು ಇದ. ತಪ್ಪಾತಬೇ ಅಕ್ಕಾ."